ಜೈಲು ಸೇರಿದ ಹಸಿರು ಹೀರೋ

ಕಳೆದ ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಮಗಳು ತನ್ನ ಮೊಬೈಲನ್ನು ತಂದು ನನ್ನ ತಾಟಿನ ಪಕ್ಕ ಚರಿಗೆಗೆ ಆನಿಸಿ ನಿಲ್ಲಿಸಿದಳು. ಬನಹಟ್ಟಿಯಿಂದ ಜಮಖಂಡಿಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಹುಡುಗಿ, ದಾರಿಯುದ್ದಕ್ಕೂ ಅದರಲ್ಲಿ ಏನಾದರೂ ಕೆದಕುತ್ತಿರುತ್ತಾಳೆ. ಈ ಸಲ ಅವಳ ಕೈಗೆ ಸಿಕ್ಕಿದ್ದು ನಾನು ಆರನೆಯ ಇಯತ್ತೆಯಲ್ಲಿದ್ದಾಗ ವಾರಕ್ಕೊಮ್ಮೆ ನೋಡುತ್ತಿದ್ದ, ಆಕಾಶದಲ್ಲಿ ಹಾರುವ ಹೀರೋ ಒಬ್ಬನ ಹಿಂದಿ ಧಾರಾವಾಹಿ. ಅದರಲ್ಲೂ ಅವನನ್ನು ಜೈಲಿಗೆ ಹಾಕುವ ಕಂತು.

"ಅವ್ವಾ, ನೋಡಿಲ್ಲೆ, ಕೆಂಪ ಶಲ್ಯ ಹಾಕ್ಕೊಂಡಾನ," ಅಂದಳು. "ಅಜ್ಜಗ ಬಣ್ಣಾನ ತಿಳೀತಿರ್ಲಿಲ್ಲ ಅಂತಾರಲ್ಲ, ಖರೇನ?"

"ಯಾರಂದ್ರ ಹಂಗ?"

"ಎಲ್ಲಾರೂ ಅಂತಾರ. ಮೊನ್ನಿ ಮದವ್ಯಾಗ ಮುಧೋಳದ ಅಮ್ಮ ಅಂದ್ಲಲ್ಲ. ಮದಮಗಳ ಕುಬಸಾ ಸೀರಿಗೆ ಕೂಡಲಿಲ್ಲಂತ, ಇದು ನಮ್ಮಣ್ಣನ ಹಸರ ಆತು ಅಂತ ನಕ್ಕಳು."

ಮುಧೋಳದ ಅಮ್ಮ ಅಂದರೆ ನನ್ನ ಅಪ್ಪನ ತಂಗಿ, ನನ್ನ ಸೋದರತ್ತೆ. ಆ ಮಾತನ್ನು ಮೊದಲು ಹುಟ್ಟಿಸಿದವಳು ಅವಳೇ. ಈಗ ರಬಕವಿಯಿಂದ ಮುಧೋಳದವರೆಗೆ ನಮ್ಮ ಬಳಗದಲ್ಲಿ ಯಾರಾದರೂ ಬಣ್ಣ ಆರಿಸುವಲ್ಲಿ ಎಡವಿದರೆ ಸಾಕು, ನನ್ನ ಅಪ್ಪನ ಹೆಸರು ಬಾಯಿಗೆ ಬರುತ್ತದೆ. ಅಪ್ಪ ತೀರಿಕೊಂಡು ಮೂರು ವರ್ಷವಾದರೂ ನಗು ನಿಂತಿಲ್ಲ. ಸಿಟ್ಟು ಬಂದರೆ ನಾನು ಊಟ ಬಿಡುವವಳಲ್ಲ, ಆದರೆ ಆ ದಿನ ಬಿಟ್ಟೆ. ಬಣ್ಣದ ವಿಷಯದಲ್ಲಿ ನನ್ನ ಅಪ್ಪನನ್ನು ಆಡಿಕೊಳ್ಳುವವರು ಮೊದಲು ಅವನು ಯಾರಾಗಿದ್ದ ಎಂದು ತಿಳಿದುಕೊಳ್ಳಲಿ.

ಅಪ್ಪ ನೇಕಾರ. ಓಣಿಯಲ್ಲಿ ಅರ್ಧಕ್ಕರ್ಧ ಮನೆಗಳಿಗೆ ಪವರ್‌ಲೂಮ್ ಬಂದು ದಿನವಿಡೀ ಖಟಖಟ ಸದ್ದಾಗುತ್ತಿದ್ದ ಕಾಲದಲ್ಲೂ ಅವನು ಕುಣಿಯಲ್ಲಿ ಕಾಲಿಳಿಬಿಟ್ಟು ಕೂರುವ ಕೈಮಗ್ಗವನ್ನೇ ಇಟ್ಟುಕೊಂಡಿದ್ದ. ಅವನ ನೇಯ್ಗೆ ಛಲೋ ಇತ್ತು, ಆದರೆ ಊರಿಗೆ ಅವನು ಗೊತ್ತಿದ್ದದ್ದು ಕಣ್ಣಿನಿಂದ. ಯಾರದೋ ಹಳೆಯ ಸೀರೆಯ ಸೆರಗು ಹರಿದಿರುತ್ತದೆ, ಅದೇ ಬಣ್ಣದ ನೂಲು ಬೇಕು. ಗಲಗಲಿಯಿಂದ ಹೆಂಗಸರು ಸೀರೆಯನ್ನು ಗಂಟು ಕಟ್ಟಿಕೊಂಡು ಬಸ್ಸು ಹತ್ತಿ ಬರುತ್ತಿದ್ದರು. ಅಪ್ಪ ಆ ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಒಮ್ಮೆ ತಿರುಗಿಸಿ ನೋಡಿ, "ಇದು ಮೊದಲ ಇದಕ್ಕಿಂತ ತುಸು ಗಟ್ಟಿ ಇತ್ತು, ಒಗದ ಒಗದ ತಿಳಿ ಆಗೇತಿ" ಎಂದು ಹೇಳಿ ಸರಿಯಾದ ನೂಲಿನ ಲಡಿಯನ್ನೇ ಎತ್ತಿಕೊಡುತ್ತಿದ್ದ. ಬಣ್ಣ ಹಾಕುವವರೂ ಕೊಳಗದಿಂದ ಒಂದೆಳೆ ಕಿತ್ತುಕೊಂಡು ಬಂದು ಅವನಿಗೆ ತೋರಿಸುತ್ತಿದ್ದರು. ಅಪ್ಪ ಹೂಂ ಅಂದರೆ ಆ ಬಣ್ಣ ಕುದಿಯುವುದು ನಿಲ್ಲುತ್ತಿತ್ತು. ಅವನು ಅದಕ್ಕೆ ಒಂದು ಕಪ್ ಚಹಾದ ಹೊರತು ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಹೇಳಿದ ಮೇಲೆ ಮೀಸೆ ಮಾತ್ರ ಸವರಿಕೊಳ್ಳುತ್ತಿದ್ದ. ಬಡವನಿಗೆ ಅಷ್ಟಾದರೂ ಜಂಬ ಬೇಡವೇ?

ನಮ್ಮ ಮನೆಯಲ್ಲಿ ಒಂದು ಕಪ್ಪು ಬಿಳುಪಿನ ಟೀವಿ ಇತ್ತು. ಅದರ ಮುಂದೆ ಅವ್ವ ಸಂತೆಯಲ್ಲಿ ತಂದ ಮೂರು ಬಣ್ಣದ ಪ್ಲಾಸ್ಟಿಕ್ ಹಾಳೆಯನ್ನು ಕಟ್ಟಿದ್ದಳು. ಮೇಲೆ ನೀಲಿ, ನಡುವೆ ಕಿತ್ತಳೆ, ಕೆಳಗೆ ಹಸಿರು. ಹೀರೋ ಹಾರಿದಾಗ ನೀಲಿಯಾಗುತ್ತಿದ್ದ, ನೆಲಕ್ಕಿಳಿದರೆ ಹಸಿರಾಗುತ್ತಿದ್ದ, ಕೂತರೆ ಕುತ್ತಿಗೆಯವರೆಗೆ ಕಿತ್ತಳೆ. ಅವನ ನಿಜವಾದ ಬಣ್ಣ ಯಾವುದೆಂದು ನಮ್ಮ ಓಣಿಯ ಹುಡುಗರಲ್ಲಿ ಹೊಡೆದಾಟವೇ ಆಗಿತ್ತು. ಭಾನುವಾರ ಆ ಹೊತ್ತಿಗೆ ಅಪ್ಪ ಮಗ್ಗ ನಿಲ್ಲಿಸುತ್ತಿದ್ದ, ಓಣಿಯವರೆಲ್ಲ ನಮ್ಮ ಪಡಸಾಲೆಯಲ್ಲಿ ತುಂಬಿಕೊಳ್ಳುತ್ತಿದ್ದರು. ಹಿಂದಿ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ಹೊಡೆತದ ಸದ್ದಿನಲ್ಲಿ ತಿಳಿದುಕೊಳ್ಳುತ್ತಿದ್ದೆವು.

ಆ ವರ್ಷ ನಮ್ಮ ಸಾಲೆಯ ಗ್ಯಾದರಿಂಗಿಗೆ, ಅಂದರೆ ವರ್ಷದ ಕೊನೆಯ ಹಾಡು ಕುಣಿತದ ಕಾರ್ಯಕ್ರಮಕ್ಕೆ, ಇದೇ ಹೀರೋನ ಜೈಲಿನ ಕಥೆಯನ್ನು ಆಡಿಸುವುದೆಂದಾಯಿತು. ಕಥೆ ಎರಡು ವಾರದ್ದು, ಮೊದಲ ಭಾಗ ಬಂದಾಗಿತ್ತು. ಖಳನಾಯಕ ಹೀರೋನ ವೇಷ ಹಾಕಿಕೊಂಡು ಊರು ಸುಡುತ್ತಾನೆ. ಪೊಲೀಸರು ನಿಜವಾದ ಹೀರೋನನ್ನು ಹಿಡಿದು ಜೈಲಿಗೆ ತಳ್ಳುತ್ತಾರೆ. ಒಂದು ಗುದ್ದಿಗೆ ಗೋಡೆ ಒಡೆಯಬಲ್ಲವನು, ಕಾಯಿದೆಗೆ ಮರ್ಯಾದೆ ಕೊಟ್ಟು ಸುಮ್ಮನೆ ಒಳಗೆ ಕೂರುತ್ತಾನೆ. ನನಗೆ ಅದನ್ನು ನೋಡಿ ಮೈಯೆಲ್ಲ ಉರಿದಿತ್ತು. ಸುಳ್ಳು ಆರೋಪ ಹೊತ್ತು ಸುಮ್ಮನೆ ಕೂರುವುದು ಎಂಥ ಹೀರೋತನ? ಹಾಗಿದ್ದರೂ ಆ ಪಾತ್ರ ನನಗೇ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಲಾಳಿಯೊಳಗಿಡುವ ಕಂಡಕಿಗೆ ನೂಲು ಸುತ್ತಲು ಕೂತರೂ ನನ್ನ ಕೈ ಮಾತ್ರ ರಾಟಿಯ ಮೇಲಿರುತ್ತಿತ್ತು.

ನಮ್ಮ ಮಾಸ್ತರು ಬೀಳಗಿ ಕಡೆಯವರು, ಒಳ್ಳೆಯವರು, ಆದರೆ ಹುಡುಗಿ ಹೀರೋ ಆಗುವುದು ಅವರ ತಲೆಯೊಳಗೆ ಹೋಗಲೇ ಇಲ್ಲ.

"ಹುಡಿಗ್ಯಾರು ಕೋಲಾಟ ಆಡ್ರಿ," ಅಂದರು.

"ಕೋಲಾಟದಾಗ ಜೈಲ್ ಇರಂಗಿಲ್ರಿ ಸರ್," ಅಂದೆ.

ಎಲ್ಲರೂ ನಕ್ಕರು, ಅವರೂ ನಕ್ಕರು. ಕಾಟ ತಪ್ಪಲೆಂದೋ ಏನೋ ಒಂದು ಮಾತು ಕೊಟ್ಟರು. "ಆತು. ಸಾಲಿಯಾಗ ಡ್ರೆಸ್ಸಿಗೆ ರೊಕ್ಕ ಇಲ್ಲ. ಹೀರೋನ ಶಲ್ಯ ಯಾರ ಮೊದಲ ಹೊಂದಸ್ಕೊಂಡ ಬರ್ತಾರ, ಅವರ ಹೀರೋ."

ಹೀರೋನ ಬೆನ್ನ ಹಿಂದೆ ಹಾರಾಡುವ ಬಟ್ಟೆಗೆ ನಾವು ಶಲ್ಯ ಅನ್ನುತ್ತಿದ್ದೆವು. ನೇಕಾರನ ಮಗಳಿಗೆ ಬಟ್ಟೆಯ ಪಂಥ! ನಾನು ಮನೆಯವರೆಗೆ ಓಡಿದೆ.

ಮುಂದಿನ ಭಾನುವಾರ ಎರಡನೆಯ ಭಾಗ. ಪಡಸಾಲೆ ಕಿಕ್ಕಿರಿದಿತ್ತು. ಹೀರೋ ಜೈಲಿನಲ್ಲಿ ಕೂತಿದ್ದಾನೆ, ಹೊರಗೆ ಊರು ಹೊತ್ತಿ ಉರಿಯುತ್ತಿದೆ. ನಾನು ಅಪ್ಪನ ಮೊಣಕೈ ಜಗ್ಗಿ, "ಅಪ್ಪಾ, ಅಂವನ ಶಲ್ಯದ ಬಣ್ಣ ಯಾವ್ದು? ನೀನ ಹೇಳ" ಅಂದೆ. ಎಲ್ಲರೂ ತಿರುಗಿ ಅಪ್ಪನನ್ನು ನೋಡಿದರು. ಅಪ್ಪ ಎದ್ದು ಪ್ಲಾಸ್ಟಿಕ್ ಹಾಳೆಯನ್ನು ಬಿಚ್ಚಿದ. ಟೀವಿಗೆ ಮುಖ ಹತ್ತಿಸಿ, ಕಣ್ಣು ಕಿರಿದು ಮಾಡಿ, ಕಪ್ಪು ಬಿಳುಪಿನ ಆ ಬೂದಿ ಬಣ್ಣವನ್ನು ಬಹಳ ಹೊತ್ತು ನೋಡಿದ. ಆಮೇಲೆ ಹಿಂದೆ ಸರಿದು ಮೀಸೆ ಸವರಿಕೊಂಡ.

"ಗಿಳಿ ಹಸರು," ಅಂದ.

ಮುಗಿಯಿತು. ಅವನು ಹೇಳಿದ ಮೇಲೆ ವಾದವೇ ಇಲ್ಲ. ಕೆಂಪು ಅಂದವರು, ನೀಲಿ ಅಂದವರು ಬಾಯಿ ಮುಚ್ಚಿಕೊಂಡರು. ನಮ್ಮ ಓಣಿಯ ಮಟ್ಟಿಗೆ ಹೀರೋ ಅಂದಿನಿಂದ ಹಸಿರಾದ.

ಮರುದಿನ ಅಪ್ಪ ಮಗ್ಗದ ಮೇಲಿದ್ದ ಹಾಸಿನ, ಅಂದರೆ ಉದ್ದಕ್ಕೆ ಬಿಗಿದ ಎಳೆಗಳ, ಕೊನೆಯ ಸೀರೆ ಮುಗಿಸಿದ. ಸೀರೆ ಕತ್ತರಿಸಿದ ಮೇಲೆ ಹಾಸಿನ ತುದಿಯಲ್ಲಿ ಎರಡು ಗಜದಷ್ಟು ಎಳೆ ಉಳಿದಿತ್ತು. ಅದರ ಮೇಲೆ ನನ್ನ ಶಲ್ಯವನ್ನು ನೇಯ್ದ. ಅಂಚಿಗೆ ಹಳದಿ ಗೆರೆ ಬೇರೆ. ಸೀರೆಗೆ ಹಾಕುವುದಕ್ಕಿಂತ ಹೆಚ್ಚು ಬಿಗಿಯಾಗಿ ಬಡಿದು ನೇಯ್ದಿದ್ದ. ನಾನು ಕಂಡಕಿ ಸುತ್ತಿಕೊಟ್ಟೆ. ಲಾಳಿ ಅತ್ತಿಂದಿತ್ತ ಓಡುವಾಗ ನಾನಾಗಲೇ ಹಾರುತ್ತಿದ್ದೆ.

ಸಾಲೆಯಲ್ಲಿ ಶಲ್ಯ ತಂದವಳು ನಾನೇ ಮೊದಲು. ಮಾಸ್ತರು ಅದನ್ನು ಮುಟ್ಟಿ ನೋಡಿ, "ಹೊದ್ದುಕೊಂಡ ಮಲಗೂವಷ್ಟ ಛಲೋ ಐತಿ" ಅಂದು ಪಾತ್ರ ಕೊಟ್ಟರು. ಅವರ ಬಾಡಿಗೆ ಮನೆಯಲ್ಲಿದ್ದದ್ದೂ ಕಪ್ಪು ಬಿಳುಪಿನ ಟೀವಿಯೇ. ಎರಡು ದಿನ ತಾಲೀಮು ಸಲೀಸಾಗಿ ನಡೆಯಿತು. ಹುಡುಗರು ಮನೆಯಿಂದ ಬಿದಿರಿನ ಕೋಲುಗಳನ್ನು ತಂದು, ಎರಡು ಬೆಂಚಿಗೆ ಸಾಲಾಗಿ ಕಟ್ಟಿ ಜೈಲು ಮಾಡಿದರು. ನಾನು ಒಳಗೆ ಕೂತು ಸಂಕಟಪಡುವುದನ್ನು ಚೆನ್ನಾಗಿ ಕಲಿತಿದ್ದೆ.

ಗ್ಯಾದರಿಂಗಿನ ಹಿಂದಿನ ದಿನ ಬಜಾರದ ಬಟ್ಟೆ ಅಂಗಡಿಯವರ ಹುಡುಗ ಸಾಲೆಗೆ ಬಂದ. ಜ್ವರ ಬಂದು ವಾರ ಮನೆಯಲ್ಲಿದ್ದವನು. ಅವರ ಮನೆಯಲ್ಲಿ ಬಣ್ಣದ ಟೀವಿ. ಅವನ ಹೆಗಲ ಮೇಲೆ ಥಳಥಳಿಸುವ ಕೆಂಪು ಶಲ್ಯ. ನನ್ನನ್ನು ನೋಡಿದವನೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ಹಸರ ಹೀರೋ! ಏ ಸರ್, ಈಕಿ ನೋಡ್ರಿ, ಗಿಳಿ ಆಗ್ಯಾಳ! ಹೀರೋಂದು ಕೆಂಪ ಐತ್ರಿ, ಕೆಂಪು!"

ಬಜಾರದ ಹುಡುಗರು ನಾಲ್ಕೈದು ಮಂದಿ ಅವನ ಜೊತೆ ಸೇರಿದರು. ಮಾಸ್ತರು ಪೆಚ್ಚಾದರು. ತಾವು ಹಸಿರಿಗೆ ಒಪ್ಪಿದ್ದು ತಪ್ಪಾಯಿತೆಂದು ಅವರಿಗೆ ಅನ್ನಿಸಿತು. "ಶಲ್ಯ ತಗಿ ಯವ್ವಾ, ಅಂವಾ ಆಗ್ಲಿ ಹೀರೋ. ನಾಳೆ ಊರ ಮಂದಿ ಬರ್ತಾರ" ಅಂದರು.

ಪಾತ್ರ ಹೋಗುವ ಹೆದರಿಕೆ ಒಂದು ಕಡೆ, ಅಪ್ಪ ತಪ್ಪಿದ ಎಂದು ಹತ್ತು ಜನರೆದುರು ಒಪ್ಪಿಕೊಳ್ಳಬೇಕಾದ ಅವಮಾನ ಇನ್ನೊಂದು ಕಡೆ. ಶಲ್ಯ ಬಿಚ್ಚಿದರೆ ಎರಡೂ ಹೋಗುತ್ತಿದ್ದವು. ನಾನು ಬಿಚ್ಚಲಿಲ್ಲ.

"ಸರ್, ಬಣ್ಣದ ಟೀವಿ ಯಾರ ಯಾರ ಮನ್ಯಾಗೈತಿ, ಕೈ ಎತ್ತಸ್ರಿ," ಅಂದೆ.

ಅವರು ಎತ್ತಿಸಲಿಲ್ಲ, ನಾನೇ ಎತ್ತಿಸಿದೆ. ಇಬ್ಬರು ಎತ್ತಿದರು.

"ಉಳದವರ ಮನ್ಯಾಗ ಹೀರೋ ಯಾವ ಬಣ್ಣ ಅದಾನ್ರಲೇ?"

"ಹಸರು!" ನೇಕಾರ ಓಣಿಯ ಹುಡುಗರು ಕೂಗಿದರು. "ಗಿಳಿ ಹಸರು!"

ಅಲ್ಲಿಂದ ಗದ್ದಲ. ಕೆಂಪಿನವರು ಹಸಿರಿನವರ ಟೊಪ್ಪಿಗೆ ಕಿತ್ತರು, ಹಸಿರಿನವರು ಕೆಂಪಿನವರ ಪಾಟೀಚೀಲ ಒಗೆದರು. ಮಾಸ್ತರು ಬೆತ್ತ ಹುಡುಕುವಷ್ಟರಲ್ಲಿ ನಾನು ಬಿದಿರಿನ ಜೈಲಿನೊಳಗೆ ನುಗ್ಗಿ, ಬಾಗಿಲಿಗೆಂದು ಬಿಟ್ಟಿದ್ದ ಕೋಲುಗಳನ್ನು ಒಳಗಿನಿಂದ ಹಗ್ಗದಿಂದ ಬಿಗಿದೆ. ನೇಕಾರರ ಗಂಟು, ಎಳೆದಷ್ಟೂ ಬಿಗಿಯುವಂಥದ್ದು.

"ಹೊರಗ ಬಾ," ಅಂದರು ಮಾಸ್ತರು.

"ಬರಂಗಿಲ್ರಿ."

"ಬಾ ಅಂದ್ರ!"

"ನೀವ ಶಲ್ಯ ಅಂದಿದ್ರಿ ಸರ್. ಬಣ್ಣ ಅಂದಿದ್ದಿಲ್ಲ."

ಈಗ ನೆನೆಸಿಕೊಂಡರೂ ನನಗೆ ಆ ಹುಡುಗಿಯ ಬೆನ್ನು ತಟ್ಟಬೇಕೆನಿಸುತ್ತದೆ. ಅಷ್ಟರಲ್ಲಿ ಯಾರೋ ಓಡಿ ಹೋಗಿ ಅಪ್ಪನನ್ನು ಕರೆದುಕೊಂಡು ಬಂದರು. ನೇಯುತ್ತಿದ್ದವನು ಎದ್ದು ಹಾಗೇ ಬಂದಿದ್ದ, ಧೋತರಕ್ಕೆಲ್ಲ ನೂಲಿನ ಚೂರು ಹತ್ತಿತ್ತು. ಅವನು ಜೈಲಿನೊಳಗಿದ್ದ ನನ್ನನ್ನು ನೋಡಿದ, ಕೆಂಪು ಶಲ್ಯದ ಹುಡುಗನನ್ನು ನೋಡಿದ. ಈಗ ನಮ್ಮ ಅಪ್ಪ ಗದರುತ್ತಾನೆ, ಆ ಬಣ್ಣದ ಟೀವಿಯೇ ಕೆಟ್ಟಿದೆ ಎಂದು ಹೇಳುತ್ತಾನೆ ಎಂದು ನಾನು ಕೋಲು ಹಿಡಿದುಕೊಂಡು ಕಾಯುತ್ತಿದ್ದೆ.

"ನನ್ನ ಕಣ್ಣ ತಪ್ಪಿತ್ರಿ ಮಾಸ್ತರ," ಅಂದ ಅಪ್ಪ. "ಹುಡುಗಿದೇನ ತಪ್ಪಿಲ್ಲ. ನಾ ಹೇಳಿದ್ದನ್ನ ನಂಬ್ಯಾಳ. ನನ್ನ ತಪ್ಪಿಗೆ ಆಕಿ ಪಾತ್ರ ಕಸಕೋಬ್ಯಾಡ್ರಿ."

ತಪ್ಪಿತು ಎಂಬ ಮಾತನ್ನು ಬಣ್ಣದ ವಿಷಯದಲ್ಲಿ ಅಪ್ಪನ ಬಾಯಿಂದ ಊರು ಕೇಳಿದ್ದು ಅದೇ ಮೊದಲು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೋಸ್ಕರ ಟೊಪ್ಪಿಗೆ ಹರಿಸಿಕೊಂಡವನೊಬ್ಬ ಅಪ್ಪನತ್ತ ನೋಡಿದ ನೋಟವನ್ನು ನಾನು ಮರೆತಿಲ್ಲ.

ಮಾಸ್ತರು ತಲೆ ಕೆರೆದುಕೊಂಡು ನಿಂತಿದ್ದರು. ಆಮೇಲೆ ಒಮ್ಮೆಗೇ ನಕ್ಕು, ಕೆಂಪು ಶಲ್ಯದ ಹುಡುಗನ ಹೆಗಲ ಮೇಲೆ ಕೈಯಿಟ್ಟರು. "ಕಥಿಯಾಗ ಒಬ್ಬ ಖೊಟ್ಟಿ ಹೀರೋನೂ ಅದಾನಲ್ಲ. ನೀ ಅಂವಾ ಆಗು. ಕೆಂಪಿನಂವಾ ಖೊಟ್ಟಿ, ಹಸರಿನಾಕಿ ಖರೆ. ಮುಗೀತು, ತಾಲೀಮ ಮಾಡ್ರಿ."

ನಾನು ಗಂಟು ಬಿಚ್ಚಿ ಹೊರಗೆ ಬಂದೆ. ಬಿಚ್ಚಲು ಐದು ನಿಮಿಷ ಹಿಡಿಯಿತು.

ಗ್ಯಾದರಿಂಗಿನಲ್ಲಿ ಮುಂದಿನ ಸಾಲಿನ ಬಜಾರದವರು ನನ್ನನ್ನು ನೋಡಿ ಸಿಳ್ಳೆ ಹೊಡೆದರು. ನಾನು ಅವರ ಕಡೆಗೇ ಎದೆ ಸೆಟೆಸಿ ನಿಂತೆ. ಜೈಲು ಒಡೆಯುವ ಹೊತ್ತಿಗೆ ಎಂಥ ಗುದ್ದು ಹಾಕಿದೆನೆಂದರೆ ಕೋಲೊಂದು ಹಾರಿ ಹಾರ್ಮೋನಿಯಂ ಮೇಲೆ ಬಿತ್ತು. ನಮ್ಮ ಓಣಿಯ ಹೆಂಗಸರು ಎದ್ದು ನಿಂತು ಕೂಗಿದರು. ಕಥೆಯಲ್ಲಿ ಹೀರೋ ಊರು ಉಳಿಸಿ ಮತ್ತೆ ತಾನಾಗಿ ಜೈಲಿಗೆ ಹೋಗಿ ಕೂರುತ್ತಾನೆ, ಕೋರ್ಟು ಬಿಡುವವರೆಗೆ. ಆ ಭಾಗ ನನಗೆ ಸೇರಿರಲಿಲ್ಲ. ನಾನು ಹೋಗಿ ಕೂರಲಿಲ್ಲ. ಮಾಸ್ತರು ಪರದೆಯ ಸಂದಿಯಿಂದ ಸನ್ನೆ ಮಾಡುತ್ತಲೇ ಇದ್ದರು, ನಾನು ನಡುವೆ ನಿಂತು ಕೈಮುಗಿದೆ. ಪರದೆ ಎಳೆಯಲೇಬೇಕಾಯಿತು.

ಗೆದ್ದೆ ಎಂದುಕೊಂಡಿದ್ದೆ. ಲೆಕ್ಕ ಬೇರೆಯೇ ಇತ್ತು.

ಮೊದಲು ಬಣ್ಣ ಹಾಕುವವರು ಬರುವುದು ನಿಂತಿತು. ಅಪ್ಪನಿಗೆ ತೋರಿಸದೆ ತಾವೇ ನೋಡಿಕೊಳ್ಳತೊಡಗಿದರು. ಆಮೇಲೆ ಹಿಂದಿನ ಓಣಿಯ ಒಬ್ಬ ಹಿರಿಯನ ಕಡೆಗೆ ಜನ ಹೋಗತೊಡಗಿದರು. ಮುಧೋಳದಿಂದ ಬಂದ ಸೋದರತ್ತೆ ಎಲ್ಲರೆದುರು ತಮಾಷೆ ಮಾಡಿದಳು. "ಅಣ್ಣಾ, ನನ್ನ ಸೀರಿ ಯಾವ ಬಣ್ಣ ಐತಿ ಹೇಳ ನೋಡೂನು?" ಅಪ್ಪನೂ ನಕ್ಕ. ಒಂದು ಮಧ್ಯಾಹ್ನ ನಾನು ಕಟ್ಟೆಯ ಮೇಲೆ ಕೂತಿದ್ದಾಗ, ಪ್ರತಿ ವರ್ಷ ನಮ್ಮಲ್ಲಿಗೇ ಬರುತ್ತಿದ್ದ ಗಲಗಲಿಯ ಮುದುಕಿ ಗಂಟು ಹಿಡಿದುಕೊಂಡು ನಮ್ಮ ಬಾಗಿಲು ದಾಟಿ ಮುಂದೆ ಹೋದಳು. ನನ್ನನ್ನು ನೋಡಿ ಸೆರಗು ಮುಂದಕ್ಕೆ ಎಳೆದುಕೊಂಡಳು. ಒಳಗೆ ಅಪ್ಪ ಲಾಳಿ ಹಿಡಿದು ಅವಳು ಹೋದದ್ದನ್ನೇ ನೋಡುತ್ತಿದ್ದ.

ನಾನು ಹೋಗಿ ಮಗ್ಗದ ಕುಣಿಯ ಅಂಚಿನಲ್ಲಿ ಕೂತೆ. "ನಾ ಹಟಾ ಮಾಡದ ಇದ್ದಿದ್ರ ಹಿಂಗ ಆಗತಿರ್ಲಿಲ್ಲಲ್ಲ ಅಪ್ಪಾ?" ಅಂದೆ. ಅಂದದ್ದೇ ಅಳು ಬಂತು. "ಆವತ್ತ ನಿನ್ನ ಕಣ್ಣ ಯಾಕ ತಪ್ಪಿತು?"

ನನ್ನ ಅಳು ನಿಲ್ಲದ್ದನ್ನು ನೋಡಿ ಅಪ್ಪ ಲಾಳಿ ಕೆಳಗಿಟ್ಟ.

"ತಪ್ಪಿರಲಿಲ್ಲ ಬಿಡ," ಅಂದ. "ಕೆಂಪಂತ ನಂಗ ಮೊದಲ ಗೊತ್ತಿತ್ತು. ರಬಕವ್ಯಾಗ ನೂಲಿನ ಅಂಗಡ್ಯಾಗ ಬಣ್ಣದ ಟೀವಿ ಐತಲ್ಲ, ಅಲ್ಲೆ ನೋಡಿದ್ದೆ."

ನನಗೆ ಅರ್ಥವೇ ಆಗಲಿಲ್ಲ. "ಮತ್ತ ಹಸರ ಅಂತ ಯಾಕಂದಿ?"

"ಮಗ್ಗದ ಮ್ಯಾಲ ಹಸರ ಹಾಸ ಇತ್ತು. ಕೆಂಪ ಹಾಸ ಏರಸಬೇಕಂದ್ರ ಎಳಿ ಚಾಚಬೇಕು, ಗಂಜಿ ಕುಡಸಬೇಕು, ಒಂದೊಂದ ಎಳಿ ಕೂಡಿಸಿ ಕೆಚ್ಚಬೇಕು. ಎಂಟ ದಿನದ ಕೆಲಸ. ಅಷ್ಟರಾಗ ನಿನ್ನ ಗ್ಯಾದರಿಂಗ್ ಮುಗದ ಹೋಗತಿತ್ತು."

"ಅಡ್ಡ ಎಳಿ, ಹೊಕ್ಕಷ್ಟ ಕೆಂಪ ಹೊಡೀಬೇಕಾಗಿತ್ತು."

"ಹಸರ ಹಾಸಿನ ಮ್ಯಾಲ ಕೆಂಪ ಹೊಡದ್ರ ಮಣ್ಣಿನ ಬಣ್ಣ ಆಕ್ಕೇತಿ."

"ಅಂಗಡ್ಯಾಗಿಂದ ತರಬೇಕಾಗಿತ್ತು!"

ಅಪ್ಪ ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದ. "ನನ್ನ ಮಗಳಿಗೆ ಅಂಗಡಿ ಅರಬಿ?"

ನನಗೆ ಎಷ್ಟು ಸಿಟ್ಟು ಬಂತೆಂದರೆ ಕಂಡಕಿಯ ಬುಟ್ಟಿಯನ್ನೇ ಒದ್ದೆ. ಅವನ ಸುಳ್ಳಿಗಾಗಿ ನಾನು ಜೈಲಿನೊಳಗೆ ಕೂತಿದ್ದೆ. ನನ್ನ ಗೆಳೆಯರು ಹೊಡೆದಾಡಿದ್ದರು. ಆದರೆ ಅದಕ್ಕಿಂತ ಹೆಚ್ಚಿನ ಸಿಟ್ಟು ಊರಿನ ಮೇಲೆ. ಅಪ್ಪನ ಕಣ್ಣು ತಪ್ಪಿರಲಿಲ್ಲ! ನಾನು ಎದ್ದು ಬಾಗಿಲಿಗೆ ಓಡಿದೆ. ಆ ಮುದುಕಿ ಇನ್ನೂ ಓಣಿಯ ತಿರುವಿನಲ್ಲಿದ್ದಳು, ಕೂಗಿ ಹೇಳಬೇಕಿತ್ತು. ಅಪ್ಪ ಕುಣಿಯಿಂದ ಮೇಲೆದ್ದು ಬಂದು ನನ್ನ ರಟ್ಟೆ ಹಿಡಿದ.

"ತಪ್ಪಿದಂವಾ ಅಂತ ತಿಳದ್ರ ನಾಕ ದಿನ ನಗ್ತಾರ, ಬಿಡ್ತಾರ. ಸುಳ್ಳ ಹೇಳ್ಯಾನಂತ ತಿಳದ್ರ ನಿನ್ನೂ ಸುಳ್ಳಿ ಅಂತಾರ. ಅಷ್ಟ ಮಂದ್ಯಾಗ ಹಸರ ಹಸರ ಅಂತ ನಿಂತಾಕಿ ನೀನು. ಅಪ್ಪ ಮಗಳು ಕೂಡಿ ಆಟ ಹೂಡಿದ್ರು ಅಂತಾರ. ಯಾರ ಮುಂದೂ ಅನಬ್ಯಾಡ. ಅಂದಿ ಅಂದ್ರ ನನ್ನಾಣಿ."

ಆಣೆಯೆಂದರೆ ನಮ್ಮ ಮನೆಯಲ್ಲಿ ಮುಗಿಯಿತು. ಅಂದಿನಿಂದ ಬಾಯಿ ಹೊಲಿದುಕೊಂಡೆ. ನಾಲ್ಕು ದಿನ ನಗುತ್ತಾರೆ ಎಂದು ಅಪ್ಪ ಅಂದಿದ್ದ. ಅಷ್ಟರ ಮಟ್ಟಿಗೆ ಅವನ ಅಂದಾಜು ಖಂಡಿತ ತಪ್ಪಿತು. ನನ್ನ ಮದುವೆಯ ಸೀರೆ ಆರಿಸುವಾಗಲೂ ಅವನನ್ನು ಅಂಗಡಿಯ ಹೊರಗೆ ಕೂಡಿಸಿ, ನೀ ಬ್ಯಾಡಪಾ ಎಂದು ನಕ್ಕಿದ್ದರು. ಅವನು ಹೊರಗೆ ಕೂತು ಚಹಾ ಕುಡಿದ. ನಾನು ಒಳಗಿನಿಂದ ಒಂದು ಸೀರೆಯನ್ನು ಎತ್ತಿಕೊಂಡು ಹೊರಗೆ ಬಂದು, ಬಿಸಿಲಿಗೆ ಹಿಡಿದು ಅವನಿಗೇ ತೋರಿಸಿದೆ. ಅವನು ಹೂಂ ಅಂದ ಸೀರೆಯನ್ನೇ ಉಟ್ಟೆ. ಅಷ್ಟು ಮಾಡಲು ಆಣೆ ಅಡ್ಡ ಬರಲಿಲ್ಲ. ಅದಕ್ಕಿಂತ ಹೆಚ್ಚು ಮಾಡಲಿಲ್ಲ ಎಂಬುದು ನನ್ನ ಸಂಕಟ. ಬಡತನವನ್ನು ಆಡಿಕೊಂಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನಿಗಿದ್ದ ಒಂದೇ ಒಂದು ದೊಡ್ಡಸ್ತಿಕೆಯನ್ನು ಅವನು ಎರಡು ಗಜ ಬಟ್ಟೆಗಾಗಿ ನನ್ನ ಹೆಗಲಿಗೆ ಹಾಕಿ ಕಳಿಸಿದ್ದ.

ಇದನ್ನೆಲ್ಲ ಭಾನುವಾರ ಮಗಳಿಗೆ ಹೇಳಿದೆ. ಅವಳು ಮೊಬೈಲು ಆರಿಸಿ ಕೇಳುತ್ತ ಕೂತಿದ್ದಳು. ಹೇಳಿ ಮುಗಿದರೂ ನನಗೆ ಸಮಾಧಾನವಾಗಲಿಲ್ಲ. ಕೈ ತೊಳೆದುಕೊಂಡು ಬಂದು, ಅವಳ ಮೊಬೈಲಿನಿಂದಲೇ ಮುಧೋಳಕ್ಕೆ ಫೋನು ಹಚ್ಚಿದೆ. ಸೋದರತ್ತೆಗೆ ಕಿವಿ ಮಂದವಾಗಿದೆ, ಎರಡೆರಡು ಸಲ ಹೇಳಬೇಕಾಯಿತು. ನೂಲಿನ ಅಂಗಡಿಯ ಟೀವಿಯಿಂದ ಹಿಡಿದು ಆಣೆಯವರೆಗೆ ಎಲ್ಲವನ್ನೂ ಹೇಳಿದೆ. ಇನ್ನು ಮುಂದೆ ಬಳಗದಲ್ಲಿ ಯಾರಾದರೂ ಆ ಮಾತೆತ್ತಿ ನಕ್ಕರೆ ಅವರ ಮನೆಯ ಬಾಗಿಲಿಗೇ ಹೋಗಿ ಹೇಳುವೆನೆಂದೂ ಅಂದೆ. ಅತ್ತ ಕಡೆಯಿಂದ ಅವಳು ಮೂಗು ಏರಿಸಿದ ಸದ್ದು ಬಂತು.

"ಇಷ್ಟ ವರ್ಷ ಬಾಯಿ ಬಿಡದಾಕಿ, ಈಗ ಯಾಕ ಹೇಳಿದಿ?" ಎಂದು ಕೇಳಿದಳು.

"ಈಗ ರಟ್ಟಿ ಹಿಡದ ತಡಿಯಾಕ ಅಪ್ಪ ಇಲ್ಲಲ್ಲ ಅತ್ತಿ," ಅಂದೆ.